ನಾಲ್ಕನೇ ಬೋಲ್ಟು

"ಹಗ್ಗ ಬಿಡು ಮಾವ, ಇನ್ನೊಂದೇ ಮಾರು!"

ಪ್ರಿಯಾ ಮೇಲಿನಿಂದ ಕೂಗಿದಳು. ಮಾದ ಸೊಂಟದ ಹತ್ತಿರ ಹಗ್ಗ ಸಡಿಲಿಸಿ ಕೊಟ್ಟ. ಅದು ಬಂಡೆಯ ಮೈ ಸವರಿಕೊಂಡು ಸರಸರನೆ ಮೇಲೆ ಹೋಯಿತು. ಸ್ವಲ್ಪ ಹೊತ್ತಿಗೆ "ಮುಟ್ಟಿದೆ" ಎಂಬ ಕೂಗು, ಹಿಂದೆಯೇ ಒಂದು ನಗು ಕೇಳಿಸಿತು. ಮೂರನೇ ಪಿಚ್ ಮುಗಿದಿತ್ತು. ಹಗ್ಗದ ಒಂದು ಓಟಕ್ಕೆ ಒಂದು ಪಿಚ್ ಎನ್ನುವುದು ಬಂಡೆ ಹತ್ತಿಸುವ ಕ್ಯಾಂಪಿನವರ ಮಾತು. ಅಷ್ಟು ಹತ್ತಿ ನಿಂತು, ಕೆಳಗಿನವರನ್ನು ಕರೆಸಿಕೊಂಡು, ಮತ್ತೆ ಮುಂದಿನ ಓಟಕ್ಕೆ ಹೊರಡಬೇಕು. ಈ ತಟ್ಟೆಕಲ್ಲಿಗೆ ಅಂಥವು ನಾಲ್ಕು. ಇನ್ನು ಉಳಿದದ್ದು ಒಂದೇ. ಆ ಒಂದರ ಬಗ್ಗೆ ಹೇಳಬೇಕಾದ ಮಾತನ್ನು ಮಾದ ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡು ಹತ್ತುತ್ತಿದ್ದ.

ಪ್ರಿಯಾ ಅವನ ಹೆಂಡತಿ ದೊಡ್ಡಿಯ ತಮ್ಮ ಮಲ್ಲನ ಮಗಳು. ತಿತಿಮತಿ ಹತ್ತಿರದ ಹಾಡಿಯಲ್ಲಿ ಹುಟ್ಟಿ, ಆಶ್ರಮ ಶಾಲೆಯಲ್ಲಿ ಓದಿ, ಉತ್ತರದ ಕಡೆ ಎಲ್ಲೋ ಹಿಮದ ಬೆಟ್ಟದಲ್ಲಿ ಹತ್ತುವ ತರಬೇತಿ ಮುಗಿಸಿ, ಎರಡು ತಿಂಗಳ ಹಿಂದೆ ಸರ್ಟಿಫಿಕೇಟು ಹಿಡಿದುಕೊಂಡು ಬಂದವಳು. ಕ್ಯಾಂಪಿನ ಮಾಲೀಕ ಚೇತನ್‌ಕುಮಾರ್ ಹಿಂದೆಮುಂದೆ ನೋಡದೆ ಅವಳನ್ನು ಕೆಲಸಕ್ಕೆ ಹಾಕಿಕೊಂಡ. ಮಾದನ ಮೊಣಕಾಲು ಮುಷ್ಕರ ಹೂಡಿ ಆಗಲೇ ಒಂದು ವರ್ಷವಾಗಿತ್ತು. ನಾಡಿದ್ದು ಹದಿನಾಲ್ಕು ಜನ ಅತಿಥಿಗಳು ಬರುತ್ತಾರೆ. ಅವತ್ತಿನಿಂದ ಮುಂದೆ ಹತ್ತುವವಳು ಅವಳು, ಕೆಳಗೆ ಹಗ್ಗ ಹಿಡಿಯುವವನು ಇವನು. ಇವತ್ತು ಅದರ ಪರೀಕ್ಷೆ.

"ಹೆಣ್ಣು ಮುಂದೆ ಹತ್ತದು, ಅತ್ತೆ ಗಂಡ ಕೆಳಗೆ ನಿಂತು ಹಗ್ಗ ಹಿಡಿಯದು! ಇದ್ಯಾವ ಸಾಸ್ತ್ರ?" ಎಂದು ದೊಡ್ಡಿ ಬೆಳಗ್ಗೆ ರೊಟ್ಟಿ ಕಟ್ಟಿಕೊಡುವಾಗ ಹಾಸ್ಯ ಮಾಡಿದ್ದಳು.

ಅವಳ ಹಾಸ್ಯಕ್ಕೆ ಕಾರಣವಿತ್ತು. ಹಾಡಿಯವರು ಹೆಜ್ಜೇನಿಗೆಂದು ಬಂಡೆ ಇಳಿಯುವಾಗ ಹಗ್ಗವನ್ನು ಕಂಡಕಂಡವರ ಕೈಗೆ ಕೊಡುವುದಿಲ್ಲ. ಒಡಹುಟ್ಟಿದ ತಮ್ಮನಿಗೂ ಕೊಡುವುದಿಲ್ಲ. ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಅಕ್ಕತಂಗಿಯ ತಾಳಿ ಹಗ್ಗದ ಆ ತುದಿಯಲ್ಲಿ ನೇತಾಡುತ್ತಿದ್ದರೆ ಯಾವ ಗಂಡಸೂ ತೂಕಡಿಸುವುದಿಲ್ಲ ಎಂಬುದು ಹಿರಿಯರ ಯೋಚನೆ. ಮಾದ ಮದುವೆಯಾದಾಗಿನಿಂದ ಅವನ ಹಗ್ಗ ಮಲ್ಲನ ಕೈಯಲ್ಲಿತ್ತು. ಕಾಡಿನ ಜೇನು ಕಡಿಮೆಯಾಗಿ ಇಬ್ಬರೂ ಚೇತನ್‌ಕುಮಾರನ ಕ್ಯಾಂಪಿಗೆ ಸೇರಿದ ಮೇಲೂ, ಬ್ಯಾಟರಿ ಡ್ರಿಲ್ಲು ಹಿಡಿದು ತಟ್ಟೆಕಲ್ಲಿಗೆ ಹಗ್ಗ ಸಿಕ್ಕಿಸುವ ಬೋಲ್ಟು ಹೊಡೆಯಲು ಮಾದ ನೇತಾಡಿದಾಗಲೂ, ಹಗ್ಗ ಮಲ್ಲನ ಕೈಯಲ್ಲೇ ಇತ್ತು. ಒಂಬತ್ತು ವರ್ಷದ ಹಿಂದಿನವರೆಗೆ.

ಮೇಲಿನಿಂದ ಹಗ್ಗ ಬಿಗಿಯಾಯಿತು. ಮಾದ ಮಂಡಿ ನೀವಿಕೊಂಡು ಮೂರನೇ ಪಿಚ್ ಹತ್ತತೊಡಗಿದ. ಯಾರು ಬಂದರೂ ಹೊಗಳುವ ಪಿಚ್ ಅದು. ಮೊದಲನೆಯದು ಶಾಲೆಯ ಮೆಟ್ಟಿಲಿನ ಹಾಗೆ ಸಲೀಸು, ಮಕ್ಕಳೂ ಹತ್ತಿಯಾರು. ಎರಡನೆಯದರಲ್ಲಿ ಅಲ್ಲಲ್ಲಿ ಮಣ್ಣು, ಹುಲ್ಲು. ಹತ್ತಿದವರು ಮೂಗು ಮುರಿಯುತ್ತಾರೆ. ಮೂರನೆಯದು ಮಾತ್ರ ತೊಳೆದಿಟ್ಟಂಥ ಗೋಡೆ. ಬೆರಳಿಗೆ ಬೇಕಾದಲ್ಲಿ ಹಿಡಿ, ಕಾಲಿಗೆ ಬೇಕಾದಲ್ಲಿ ಅಂಚು, ಹತ್ತು ಅಡಿಗೊಂದು ಮಿರುಗುವ ಬೋಲ್ಟು. ಆ ಗೋಡೆಯನ್ನು ಹತ್ತುವಾಗಲೆಲ್ಲ ಮಾದ ಅದರ ನೆತ್ತಿಯ ಕಡೆ ಕಣ್ಣೆತ್ತುತ್ತಿರಲಿಲ್ಲ. ಇವತ್ತೂ ಎತ್ತಲಿಲ್ಲ.

ಮೇಲೆ ಕಟ್ಟೆಯಷ್ಟು ಅಗಲದ ಜಾಗದಲ್ಲಿ ಪ್ರಿಯಾ ಕಾಲು ಇಳಿಬಿಟ್ಟು ಕೂತಿದ್ದಳು. ಮಾದ ಬಂದು ಪಕ್ಕದಲ್ಲಿ ಕೊಂಡಿ ಸಿಕ್ಕಿಸಿಕೊಂಡ. ಕೆಳಗೆ ಕಾಡು, ಅದರಾಚೆ ಕಾಫಿ ತೋಟ. ಹಣ್ಣಿನ ಪಿಕಿಂಗ್ ಮುಗಿದು ಗಿಡಗಳು ಹಗುರಾಗಿ ನಿಂತಿದ್ದವು.

"ಈ ಮೂರ್ನೇದು ಚೆನ್ನಾಗಿ ಮಾಡಿದ್ದಿ ಮಾವ. ನಾನು ಕಲ್ತ ಕಡೇನೂ ಇಂಥದ್ದು ಇರ್ಲಿಲ್ಲ" ಎಂದಳು ಪ್ರಿಯಾ.

"ಕಲ್ಲು ಚೆನ್ನಾಗಿತ್ತು" ಎಂದ ಮಾದ.

ಅವಳ ಭುಜದ ವಾಕಿಟಾಕಿ ಗೊರಗೊರ ಎಂದು ಚೇತನ್‌ಕುಮಾರನ ದನಿ ಬಂತು. ಅವನು ಶನಿವಾರಸಂತೆ ಕಡೆಯವನು, ಕೆಟ್ಟವನಲ್ಲ, ಅವಸರದವನು. "ಏನ್ ಮಾದಣ್ಣ, ಹೆಂಗೆ ಹತ್ತುತಾವಳೆ ಹುಡುಗಿ? ನಾಡಿದ್ದಕ್ಕೆ ಹೂಂ ಅನ್ನಬೋದಾ?"

ಮಾದ ವಾಕಿಟಾಕಿಯತ್ತ ಬಗ್ಗಿದ. ಹೇಳುವುದಾದರೆ ಇಲ್ಲೇ ಹೇಳಬಹುದಿತ್ತು. "ಚೆನ್ನಾಗಿ ಹತ್ತುತಾಳೆ ಸಾರ್" ಎಂದ.

ಪ್ರಿಯಾ ಅವನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ನೀರಿನ ಬಾಟಲಿ ಕೊಟ್ಟು, "ನಾಲ್ಕನೇದು ಹೆಂಗಿದೆ ಮಾವ?" ಎಂದು ಕೇಳಿದಳು.

"ಕಸ" ಎಂದ ಮಾದ. "ಬರೀ ಕಸ. ಹುಷಾರಾಗಿ ಹೋಗು."

ಅದು ಸುಳ್ಳಲ್ಲ. ನಾಲ್ಕನೇ ಪಿಚ್ಚಿನ ಕಲ್ಲು ಪದರುಪದರಾಗಿ ಏಳುತ್ತಿತ್ತು. ಬೋಲ್ಟುಗಳು ಒಂದು ಹತ್ತಿರ, ಒಂದು ದೂರ. ಆದರೆ ಸಂಗತಿ ಅದಲ್ಲ. ಆ ಪಿಚ್ಚಿನ ನಾಲ್ಕನೇ ಬೋಲ್ಟು ಬೋಲ್ಟೇ ಅಲ್ಲ. ಪೊಳ್ಳು ಕಲ್ಲಿಗೆ ಸಿಕ್ಕಿಸಿಟ್ಟ ಕಬ್ಬಿಣದ ತುಂಡು. ಅದರ ಮೇಲಿನ ಎರಡು ಹೆಜ್ಜೆ ಇಡೀ ದಾರಿಯಲ್ಲೇ ಕೈ ಜಾರುವ ಜಾಗ. ಅಲ್ಲಿ ಜಾರಿದವರನ್ನು ಹಿಡಿಯಬೇಕಾದ್ದು ಆ ಬೋಲ್ಟು. ಅದು ಕಿತ್ತು ಬಂದರೆ, ಅದರ ಕೆಳಗಿನದು ಹಿಡಿಯುವಷ್ಟರಲ್ಲಿ ಮೇಲಿದ್ದವರು ಈ ಕಟ್ಟೆಗೇ ಬಂದು ಬಡಿಯುತ್ತಾರೆ. ಇದು ಮಾದನೊಬ್ಬನಿಗೆ ಗೊತ್ತಿತ್ತು. ಒಂಬತ್ತು ವರ್ಷ ಇಲ್ಲಿ ಮುಂದೆ ಹತ್ತಿದವನು ಅವನೊಬ್ಬನೇ. ಅತಿಥಿಗಳು ಅವನು ಮೇಲಿನಿಂದ ಬಿಟ್ಟ ಹಗ್ಗಕ್ಕೆ ಕಟ್ಟಿಕೊಂಡು ಬರುತ್ತಿದ್ದುದರಿಂದ ಅವರಿಗೆ ಆ ಬೋಲ್ಟಿನ ಗೊಡವೆಯೇ ಇರಲಿಲ್ಲ. ಅವನು ಮಾತ್ರ ಪ್ರತಿ ಸಲ ಅದಕ್ಕೆ ತೋರಿಕೆಗೊಂದು ಕೊಂಡಿ ಸಿಕ್ಕಿಸಿ, ಉಸಿರು ಬಿಗಿಹಿಡಿದು, ಜಾರದೆ ದಾಟಿ ಹೋಗುತ್ತಿದ್ದ.

ಹಾಗೇಕೆ ಆಯಿತೆಂದರೆ, ಮೂರನೇ ಪಿಚ್ಚಿನ ಆ ತೊಳೆದಂಥ ಗೋಡೆಯಿಂದ ಆಯಿತು.

ಅದು ಮೊದಲು ತೊಳೆದಂತೆ ಇರಲಿಲ್ಲ. ಗೋಡೆಯ ನೆತ್ತಿಯಲ್ಲಿ ಪ್ರತಿವರ್ಷ ಏಳೆಂಟು ಹೆಜ್ಜೇನು ಕಟ್ಟುತ್ತಿದ್ದವು. ಮಳೆಗಾಲಕ್ಕೆ ಮುಂಚೆ ಹುಳು ಎದ್ದು ಹೋಗಿ, ಚಳಿ ಬಿದ್ದ ಮೇಲೆ ಮತ್ತೆ ಅದೇ ಜಾಗಕ್ಕೆ ಬರುತ್ತಿದ್ದವು. ಹಳೆಯ ಮೇಣ ಕಲ್ಲಿಗೆ ಅಂಟಿ ಹಳದಿ, ಕಪ್ಪು ಪಟ್ಟೆ ಬಿದ್ದಿತ್ತು. ಬೋಲ್ಟು ಹೊಡೆಯುವ ಕೆಲಸ ಅಲ್ಲಿಗೆ ಬಂದದ್ದು ಅಕ್ಟೋಬರಿನಲ್ಲಿ, ಗೋಡೆ ಖಾಲಿ ಇದ್ದಾಗ. ಎಡಕ್ಕೆ ತಿರುಗಿಸಿಕೊಂಡು ಹೋಗೋಣ, ಈ ಗೋಡೆ ಅವುಗಳಿಗೆ ಇರಲಿ ಎಂದು ಮಲ್ಲ ಹೇಳಿದ. ನೇರ ಹೋದರೇ ಚೆಂದ, ಫೋಟೋ ಚೆನ್ನಾಗಿ ಬರುತ್ತದೆ ಎಂದು ಚೇತನ್‌ಕುಮಾರ್ ಹೇಳಿದ. ಮಾದ ಇಬ್ಬರ ಮಾತನ್ನೂ ಕೇಳಿ, ಸಂಬಳ ಕೊಡುವವನ ಮಾತು ಹಿಡಿದ. ಬರೀ ಬೋಲ್ಟು ಹೊಡೆದಿದ್ದರೆ ಮಲ್ಲ ಏನೋ ಗೊಣಗಿ ಸುಮ್ಮನಾಗುತ್ತಿದ್ದನೋ ಏನೋ. ಮೇಣಕ್ಕೆ ಅತಿಥಿಗಳ ಕಾಲು ಜಾರುತ್ತದೆ ಎಂದು ಮಾದ ತಂತಿ ಬ್ರಷ್ಷು ತೆಗೆದುಕೊಂಡು ಅರ್ಧ ದಿನ ಆ ಗೋಡೆಯನ್ನು ಉಜ್ಜಿದ. ಹಳೆಯ ಮೇಣದ ವಾಸನೆ ಹಿಡಿದೇ ಹುಳು ಮನೆಗೆ ವಾಪಸು ಬರುವುದೆಂದು ಹಾಡಿಯಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಮಾದನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಉಜ್ಜಿದ.

ಸಂಜೆ ಇಳಿದು ಬಂದಾಗ ಮಲ್ಲನ ತಲೆ, ಹೆಗಲ ಮೇಲೆಲ್ಲ ಮೇಣದ ಪುಡಿ ಬಿದ್ದಿತ್ತು. ಅವನು ಅದನ್ನು ಕೊಡವಿಕೊಂಡಿರಲಿಲ್ಲ. "ಅವು ಊರಿಗೆ ಹೋದಾಗ ಮನೆ ಕೆರೆದು ಹಾಕದಾ ಬಾವ?" ಎಂದಷ್ಟೇ ಕೇಳಿದ. ಹಗ್ಗವನ್ನು ಸೊಂಟದಿಂದ ಬಿಚ್ಚಿ, ಸುತ್ತಿ, ಮಾದನ ಕಾಲ ಬಳಿ ಇಟ್ಟು ಹೋದ. ಮಾರನೇ ದಿನ ಬರಲಿಲ್ಲ. ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ಕಂಡು ಕಾಫಿ ಕೆಲಸಕ್ಕೆ ಸೇರಿಕೊಂಡನೆಂದು ದೊಡ್ಡಿ ಹೇಳಿದಳು.

ಹೋಗಲಿ, ಅವನಿಲ್ಲದೆ ಬಂಡೆ ಏನು ಓಡಿ ಹೋಗುತ್ತದೆಯೇ ಎಂದು ಮಾದ ಅಂದುಕೊಂಡ. ಕೈ ಬಿಟ್ಟರೂ ತಾನಾಗಿ ಹಗ್ಗ ಕಚ್ಚಿ ಹಿಡಿಯುವ ಒಂದು ಯಂತ್ರ ಕ್ಯಾಂಪಿನಲ್ಲಿತ್ತು. ಅದನ್ನು ಕಟ್ಟಿಕೊಂಡು ಮೂರು ದಿನ ಒಬ್ಬನೇ ನೇತಾಡಿ ನಾಲ್ಕನೇ ಪಿಚ್ ಹೊಡೆದ. ಯಂತ್ರ ಹಗ್ಗವನ್ನೇನೋ ಹಿಡಿಯಿತು. ಮಲ್ಲನ ಕಿವಿ ಅದಕ್ಕಿರಲಿಲ್ಲ. ಮಲ್ಲ ಕೆಳಗೆ ನಿಂತು ಸುತ್ತಿಗೆಯ ಸದ್ದು ಕೇಳಿಯೇ ಕಲ್ಲಿನ ಗುಣ ಹೇಳುತ್ತಿದ್ದ. ಗಟ್ಟಿ ಕಲ್ಲಾದರೆ ಟಣ್ ಎನ್ನುತ್ತಿತ್ತು. ಪೊಳ್ಳಾದರೆ ಅವನು ಹಗ್ಗ ಎರಡು ಸಲ ಜಗ್ಗುತ್ತಿದ್ದ, ಮಾದ ಜಾಗ ಬದಲಾಯಿಸುತ್ತಿದ್ದ. ಮೂರನೇ ದಿನದ ಮಧ್ಯಾಹ್ನ ಮೋಡ ಕಟ್ಟಿತ್ತು, ಕೊನೆಯ ಬ್ಯಾಟರಿ ಸಾಯುತ್ತಿತ್ತು. ನಾಲ್ಕನೇ ಬೋಲ್ಟಿಗೆ ಸುತ್ತಿಗೆ ಹಾಕಿದಾಗ ಮಡಕೆ ಬಡಿದಂತೆ ಬೊಕ್ ಎಂದಿತು. ಮಾದನಿಗೂ ಕೇಳಿಸಿತು. ನಟ್ಟು ಎಷ್ಟು ತಿರುಗಿಸಿದರೂ ಬಿಗಿಯಾಗದೆ ಸುಮ್ಮನೆ ಸುತ್ತುತ್ತಲೇ ಇತ್ತು. ಹಗ್ಗ ಜಗ್ಗುವವರಿರಲಿಲ್ಲ. ನಾಳೆ ಬಂದು ಬೇರೆ ಹೊಡೆದರಾಯಿತು ಎಂದು ಬಿಟ್ಟ.

ಆ ನಾಳೆ ಬರಲೇ ಇಲ್ಲ. ಮಳೆ ಹಿಡಿಯಿತು, ಆಮೇಲೆ ಕ್ರಿಸ್‌ಮಸ್‌ಗೆ ಉದ್ಘಾಟನೆ, ಆಮೇಲೆ ಅತಿಥಿಗಳು. ಡ್ರಿಲ್ಲು ಕೇಳಿದರೆ ಯಾಕೆಂದು ಹೇಳಬೇಕು. ಹೇಳಿದರೆ ಮಲ್ಲನ ಕಿವಿಗೂ ಬೀಳುತ್ತದೆ. ನಾನಿಲ್ಲದೆ ಬಾವ ಮಾಡಿದ ಕೆಲಸ ನೋಡು ಎಂದು ಅವನು ಅಂದುಕೊಳ್ಳುತ್ತಾನೆ. ಆ ಚಳಿಗಾಲ ನಾಲ್ಕಾರು ಹುಳು ಬಂದು ಮೂರನೇ ಗೋಡೆಯನ್ನು ಮುಟ್ಟಿ ಮುಟ್ಟಿ ನೋಡಿ ಹೋದವು. ಮತ್ತೆ ಬರಲಿಲ್ಲ. ಚೇತನ್‌ಕುಮಾರ್ ಆ ಗೋಡೆಗೆ 'ಹನಿ ವಾಲ್' ಎಂದು ಬೋರ್ಡು ಬರೆಸಿದ. ಬಾವ ಮೈದುನರ ನಡುವೆ ಮಾತು ನಿಂತೇ ಹೋಯಿತು. ಮಲ್ಲ ಅಕ್ಕನನ್ನು ನೋಡಲು ಬರುತ್ತಿದ್ದ, ಮಾದ ಮನೆಯಲ್ಲಿ ಇಲ್ಲದ ಹೊತ್ತು ನೋಡಿಕೊಂಡು.

ಎರಡು ವರ್ಷದ ಹಿಂದೆ ಮಲ್ಲ ಕಾಮಾಲೆಯಾಗಿ ಆಸ್ಪತ್ರೆ ಸೇರಿದ. ಮಾದ ಒಂದು ದಿನ ಬ್ರೆಡ್ಡು ತೆಗೆದುಕೊಂಡು ವಾರ್ಡಿನ ಬಾಗಿಲವರೆಗೆ ಹೋಗಿ ನಿಂತ. ಮಲ್ಲ ಗೋಡೆಯ ಕಡೆ ತಿರುಗಿ ಮಲಗಿದ್ದ. ನಿದ್ದೆ ಮಾಡುತ್ತಿದ್ದಾನೆ, ಯಾಕೆ ಎಬ್ಬಿಸುವುದು ಎಂದು ಬ್ರೆಡ್ಡನ್ನು ನರ್ಸ್ ಕೈಗೆ ಕೊಟ್ಟು ಬಂದ. ಮುಂದಿನ ಸಲ ನೋಡಿದ್ದು ಹೆಣವನ್ನು.

"ಹೊರಡ್ಲಾ ಮಾವ?" ಎಂದಳು ಪ್ರಿಯಾ.

ಅವಳು ಎದ್ದು ನಿಂತು ಗಂಟು ನೋಡಿಕೊಂಡಿದ್ದಳು. ಮಾದ ಅವಳ ಗಂಟನ್ನು ಎಳೆದು ನೋಡಿದ, ಅವಳು ಅವನದನ್ನು ಎಳೆದು ನೋಡಿದಳು. ಈಗ ಹೇಳು ಎಂದು ಅವನ ಒಳಗಿನಿಂದ ಯಾರೋ ತಿವಿಯುತ್ತಿದ್ದರು. ಹೇಳಿದರೆ ನಾಡಿದ್ದಿನ ಹದಿನಾಲ್ಕು ಜನ ಬರುವುದಿಲ್ಲ. ಒಂಬತ್ತು ವರ್ಷ ಮುಚ್ಚಿಟ್ಟವನಿಗೆ ಕ್ಯಾಂಪಿನಲ್ಲಿ ಕೆಲಸ ಉಳಿಯುವುದಿಲ್ಲ. ಇವಳು ತನ್ನನ್ನು ಮಾವ ಎಂದು ಕರೆಯುವಾಗಿನ ದನಿ ಬದಲಾಗುತ್ತದೆ. ಚೆನ್ನಾಗಿ ಹತ್ತುತ್ತಾಳೆ, ಜಾರುವುದಿಲ್ಲ. ನಾನೂ ಇಷ್ಟು ವರ್ಷ ಜಾರಲಿಲ್ಲವಲ್ಲ.

"ಹೊರಡು" ಎಂದ.

ಪ್ರಿಯಾ ಮೊದಲ ಬೋಲ್ಟಿಗೆ ಕೊಂಡಿ ಹಾಕಿದಳು. ಕಲ್ಲಿನ ಒಂದು ಚೂರು ಮುರಿದು ಮಾದನ ಹೆಲ್ಮೆಟ್ಟಿಗೆ ಬಡಿದು ಹೋಯಿತು. ಎರಡನೇ ಬೋಲ್ಟು ಎಲ್ಲೋ ಬಲಕ್ಕಿತ್ತು. ಅವಳು ಬಗ್ಗಿ ಕೊಂಡಿ ಹಾಕಿ, ಹಿಂತಿರುಗಿ ಕೆಳಗೆ ನೋಡಿದಳು. ಮಾದ ಕಣ್ಣು ತಪ್ಪಿಸಿದ. ಮೂರನೆಯದನ್ನು ಮುಟ್ಟಿ ಮತ್ತೆ ಕೆಳಗೆ ನೋಡಿದಳು. ಹತ್ತುವವರು ಅಷ್ಟು ಸಲ ಕೆಳಗೆ ನೋಡಬಾರದು. ಅವಳ ಬಿಸಿಲಿಗೆ ಕಪ್ಪಾದ ಕತ್ತು, ಮಲ್ಲನ ಹಾಗೆಯೇ ಅಗಲವಾದ ಕಿವಿ ಕಾಣಿಸಿದವು.

ಅವಳು ನಾಲ್ಕನೆಯದರ ಕಡೆಗೆ ಕೈ ಚಾಚಿದಳು.

"ಪ್ರಿಯಾ! ಅದ್ನ ನಂಬ್‌ಬ್ಯಾಡ! ಅದು ಪೊಳ್ಳು! ನಾನೇ ಹೊಡ್ದದ್ದು, ಗೊತ್ತಿದ್ದೂ ಹಂಗೇ ಬಿಟ್ಟಿದ್ದೆ. ಇಳಿದ್ಬಿಡು ಮಗ!"

ಅವನ ಕೂಗು ಬಂಡೆಗೆ ಬಡಿದು ತೋಟದವರೆಗೆ ಹೋಯಿತು. ಕೆಳಗೆ ಚೇತನ್‌ಕುಮಾರನಿಗೂ ಕೇಳಿಸಿರಬೇಕು, ವಾಕಿಟಾಕಿ ಗೊರಗೊರ ಎಂದಿತು. ಪ್ರಿಯಾ ಅದರ ಕಿವಿ ತಿರುಗಿಸಿ ಬಾಯಿ ಮುಚ್ಚಿಸಿದಳು.

"ಗೊತ್ತು ಮಾವ" ಎಂದಳು. "ಅಪ್ಪ ಹೇಳಿತ್ತು."

ಅವಳ ಕೈ ಬೋಲ್ಟಿಗಲ್ಲ, ಅದರ ಪಕ್ಕದ ಬಿರುಕಿಗೆ ಹೋಗಿತ್ತು. ಬಿರುಕಿನಲ್ಲಿ ಒಂದು ಬಸರಿಯ ಬೇರು ತೋಳಿನ ದಪ್ಪಕ್ಕೆ ಬೆಳೆದಿತ್ತು. ಅವಳು ಅದಕ್ಕೆ ಹೆಗಲಲ್ಲಿದ್ದ ನೈಲಾನ್ ಪಟ್ಟಿ ಸುತ್ತಿ, ಜಗ್ಗಿ ನೋಡಿ, ಹಗ್ಗ ಸಿಕ್ಕಿಸಿದಳು. ಆಮೇಲೆ ಆ ಜಾರುವ ಎರಡು ಹೆಜ್ಜೆಯನ್ನು ನಿಧಾನವಾಗಿ ಇಟ್ಟು ಕಣ್ಮರೆಯಾದಳು.

ಮಾದ ಹಗ್ಗ ಬಿಡುತ್ತ ನಿಂತ. ಅಪ್ಪ ಹೇಳಿತ್ತು ಎಂದಳಲ್ಲ. ಮಲ್ಲನಿಗೆ ಹೇಗೆ ಗೊತ್ತು? ಅವನು ಆ ಪಿಚ್ಚಿಗೆ ಕಾಲಿಟ್ಟವನಲ್ಲ. ಮೇಲಿನಿಂದ ಕರೆ ಬಂದಾಗ ಮಾದ ಹತ್ತಿದ. ನಾಲ್ಕನೇ ಬೋಲ್ಟಿನ ಹತ್ತಿರ ನಿಂತು ಅದನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿದ. ಅದು ಹಾಲುಹಲ್ಲಿನಂತೆ ಕಳಚಿ ಕೈಗೆ ಬಂತು. ತೂತಿನಿಂದ ಒಣ ಕಲ್ಲಿನ ಪುಡಿ ಸುರಿಯಿತು, ಎರಡು ಇರುವೆ ಹೊರಗೆ ಬಂದವು. ಇಷ್ಟೇ ಇದ್ದದ್ದು. ಇದಕ್ಕೆ ಮಗುವನ್ನು ಹತ್ತಿಸಿದೆನಲ್ಲ ಎಂದು ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ನೆತ್ತಿಯಲ್ಲಿ ಗಾಳಿ ಜೋರಾಗಿತ್ತು. ಪ್ರಿಯಾ ಹಗ್ಗ ಸುತ್ತುತ್ತ ಕೂತಿದ್ದಳು. ಮಾದ ಅವಳ ಎದುರಿಗೆ ಕುಕ್ಕರಿಸಿದ.

"ಆವತ್ತು ಅವ್ನು ಇರ್ನಿಲ್ಲ" ಎಂದ. "ಹಗ್ಗ ಬಿಟ್ಟು ಹೋಗಿದ್ದ."

"ಇತ್ತು ಮಾವ. ಮೂರು ದಿನಾನೂ ಇತ್ತು. ಕೆಳಗೆ ಕಾಡೊಳಗೆ ಒಂದು ಮರದ ಬುಡದಲ್ಲಿ ಕೂತಿತ್ತಂತೆ. ನೀನು ಒಬ್ಬನೇ ನೇತಾಡ್ತಿದ್ದಿ ಅಂತ." ಪ್ರಿಯಾ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. "ನಾಲ್ಕನೇದಕ್ಕೆ ಸುತ್ತಿಗೆ ಬಿದ್ದಾಗ್ಲೇ ಗೊತ್ತಾಯ್ತಂತೆ. ಕೂಗಿದ್ರೆ ನೀನು ಬೆದರಿಬಿಡ್ತಿ ಅಂತ ಕೂಗ್ಲಿಲ್ವಂತೆ. ನೀನು ಇಳಿದು ನೆಲ ಮುಟ್ಟಿದ ಮೇಲೆ ಎದ್ದು ಮನೆಗೆ ಬಂತಂತೆ."

ಮಾದ ಕೈಯಲ್ಲಿದ್ದ ಬೋಲ್ಟನ್ನು ತಿರುಗಿಸಿ ನೋಡಿದ. "ಆಮೇಲಾದ್ರೂ ಬಂದು ಹೇಳಬೋದಿತ್ತಲ್ಲ" ಎಂದ. "ಬಯ್ಯಬೋದಿತ್ತು."

"ನೀನೇ ಬತ್ತಿ ಅಂತ ಕಾದಿತ್ತು. ಅದನ್ನ ಕಿತ್ತು ಬೇರೆ ಹೊಡೀಬೇಕಲ್ಲ, ಹಗ್ಗ ಹಿಡಿಯೋಕೆ ಬಾವ ನನ್ನ ಕರೆಯೋಕೆ ಬಂದೇ ಬತ್ತಾನೆ ಅನ್ನೋದು. ಆಸ್ಪತ್ರೇಲೂ ಅದನ್ನೇ ಹೇಳ್ತಿತ್ತು. ಒಂದಿನ ಬ್ರೆಡ್ಡು ಬಂದಿತ್ತಲ್ಲ, ಅವತ್ತು ಸಂಜೆವರೆಗೂ ಬಾಗಿಲ ಕಡೆ ತಿರುಗಿ ಮಲಗಿತ್ತು."

ಮಾದ ತಲೆ ಬಗ್ಗಿಸಿದ. ಅಂಗೈಯಲ್ಲಿ ಬೋಲ್ಟು ಬೆಚ್ಚಗಾಗಿತ್ತು. ಅಳು ಬಂತು; ಹೆಣದ ಮುಂದೆ ಬಾರದ ಅಳು ಈಗ ಯಾರ ಮುಲಾಜೂ ಇಲ್ಲದೆ ಬಂತು. ಪ್ರಿಯಾ ಹಗ್ಗದ ಸುರುಳಿಯನ್ನು ಕಟ್ಟಿ ಪಕ್ಕಕ್ಕಿಟ್ಟಳು.

"ನಂಗೂ ಹೇಳಿತ್ತು, ನೀನಾಗಿ ಕೇಳ್ಬೇಡ, ಅವ್ನೇ ಹೇಳ್ತಾನೆ ಅಂತ" ಎಂದಳು. "ಬೆಳಗ್ಗಿಂದ ಕಾಯ್ತಿದ್ದೆ."

"ತಡ ಮಾಡ್ಬಿಟ್ಟೆ."

"ನಂಗೆ ತಡ ಆಗ್ಲಿಲ್ಲ ಬಿಡು ಮಾವ."

ಮಾದ ಮೂಗೊರೆಸಿಕೊಂಡು ಎದ್ದ. ಅಂಚಿನವರೆಗೆ ಹೋಗಿ ಕೆಳಗೆ ಬಗ್ಗಿ ನೋಡಿದ. ಬಂಡೆಯ ಬುಡದಿಂದಲೇ ಕಾಡು ಶುರುವಾಗಿ ತೋಟದ ಬೇಲಿಯವರೆಗೆ ಹರಡಿತ್ತು. ಮತ್ತಿ, ನಂದಿ, ಹೊನ್ನೆ, ಎಲ್ಲ ಒಂದಕ್ಕೊಂದು ತಲೆ ಕೊಟ್ಟುಕೊಂಡು ನಿಂತಿದ್ದವು.

"ಯಾವ ಮರ?" ಎಂದು ಕೇಳಿದ.

ಪ್ರಿಯಾಳಿಗೆ ಅದು ಗೊತ್ತಿರಲಿಲ್ಲ. ಮಾದ ಒಂದೊಂದೇ ಮರವನ್ನು ನೋಡುತ್ತ ನಿಂತ.